ಒಂದು ಅಣುವಿಗಾಗಿ ನಿಂತ ರೈಸ್ ಮಿಲ್

ಅಶ್ವಿನಿಗೆ ನಿಶ್ಶಬ್ದ ಸಿಗುತ್ತಿರಲಿಲ್ಲ. ಸಿಂಧನೂರಿನ ಕಾಲೇಜು ಅವಳ ಸಂಶೋಧನೆಗೆಂದು ಕೊಟ್ಟಿದ್ದ ಕೋಣೆಯ ಗೋಡೆಗೆ ವಿರೂಪಾಕ್ಷಪ್ಪನ ರೈಸ್ ಮಿಲ್ಲಿನ ಗೋಡೆ ಅಂಟಿಕೊಂಡಿತ್ತು.

ಅವಳ ಪಿಎಚ್‌ಡಿ ಒಂದು ತೂತಿನ ಮೇಲೆ ನಿಂತಿತ್ತು. ಸಿಲಿಕಾನ್ ಚಿಪ್ಪಿನ ನಡುವೆ ಬಲು ತೆಳುವಾದ ಪೊರೆ, ಪೊರೆಯಲ್ಲಿ ಒಂದು ನ್ಯಾನೋರಂಧ್ರ, ಎರಡೂ ಬದಿಗೆ ಉಪ್ಪುನೀರು. ತೂತಿನ ಮೂಲಕ ವಿದ್ಯುತ್ ಹರಿಯುತ್ತದೆ. ಡಿಎನ್ಎ ಅಣುವೊಂದು ಅದರಲ್ಲಿ ತೂರಿದಾಗ ವಿದ್ಯುತ್ ಅರೆಕ್ಷಣ ಕುಗ್ಗಿ, ಪರದೆಯ ಮೇಲಿನ ಗೆರೆ ಕೆಳಗಿಳಿಯುತ್ತದೆ. ಆದರೆ ಮಿಲ್ಲು ತಿರುಗುವಾಗ ಆ ಗೆರೆ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಶನಿವಾರಕ್ಕೆ ಅವಳ ನೋಂದಣಿಯ ಐದು ವರ್ಷದ ಅವಧಿ ಮುಗಿಯುತ್ತಿತ್ತು. ಉಳಿದದ್ದು ಒಂದೇ ಚಿಪ್. ಒಂದು ಶುದ್ಧ ಅಳತೆ ಸಿಕ್ಕರೆ ಪಿಎಚ್‌ಡಿ, ಸಿಗದಿದ್ದರೆ ಇಲ್ಲ.

ಅವಳು ಮಿಲ್ಲಿಗೇ ಹೋಗಿ, ಅಣು ತೂತು ದಾಟುವಷ್ಟು ಹೊತ್ತು ಯಂತ್ರ ನಿಲ್ಲಿಸಲು ಕೇಳಿಕೊಂಡಳು.

“ಎಷ್ಟು ಅಣು ದಾಟಬೇಕವ್ವ?” ವಿರೂಪಾಕ್ಷಪ್ಪ ಕೇಳಿದ.

“ಒಂದು ರೀ.”

“ತಾಸಿಗೆ ನಾಕು ಟನ್ ದಾಟಸ್ತೀನಿ ನಾ. ನಿನ್ನ ಜರಡಿ ತೂತು ಸಣ್ಣದಾಗೇತಿ, ದೊಡ್ಡದು ಮಾಡಸು.”

“ದೊಡ್ಡದಾದ್ರ ಒಂದೊಂದಾಗಿ ದಾಟಂಗಿಲ್ರಿ ಸಾವ್ಕಾರ್ರ.”

“ಸಾಲು ಹಚ್ಚಬೇಕನ್ನು! ಮಸ್ಕಿ ಬಸ್ಸಿಗೇ ಯಾರೂ ಸಾಲು ಹಚ್ಚಂಗಿಲ್ಲ ಬೇ ಈ ಊರಾಗ.”

ಆದರೂ ಒಪ್ಪಿದ. ಒಂದು ಅಣುವಿಗಾಗಿ ಮಿಲ್ಲು ನಿಲ್ಲಿಸಿದ ಮೊದಲ ಸಾವ್ಕಾರ ತಾನೇ ಎಂಬುದು ಅವನಿಗೆ ಹಿಡಿಸಿತು.

ಶನಿವಾರ ಬೆಳಗ್ಗೆ ಮಿಲ್ಲು ನಿಂತಿತು. ಓಣಿಯೂ ನಿಂತಿತು. ಜಿಲಾನಿಸಾಬ್ ಪ್ಯಾಸೆಂಜರ್‌ಗಳನ್ನು ಕೂರಿಸಿಕೊಂಡೇ ಆಟೊ ತಳ್ಳಿಕೊಂಡು ಹೋದ. ಎದುರಿನ ಖಾನಾವಳಿಯ ಕಸ್ತೂರೆಮ್ಮ ಒಗ್ಗರಣೆ ಹಾಕದೆ ಸೌಟು ಹಿಡಿದು ಕಾದಳು. ಮಿಲ್ಲಿನ ಹಮಾಲರು ಚಪ್ಪಲಿ ಕೈಯಲ್ಲಿ ಹಿಡಿದು ಬಂದು ಪರದೆಯ ಮುಂದೆ ಕುಳಿತರು. ಒಬ್ಬ ಕೆಮ್ಮಿದ. ಉಳಿದವರು ಅವನ ಬಾಯಿಗೆ ಟವೆಲ್ ತುರುಕಿದರು.

ಗೆರೆ ನೆಟ್ಟಗಾಯಿತು. ಅಶ್ವಿನಿ ಡಿಎನ್ಎ ದ್ರಾವಣದ ಹನಿ ಬಿಟ್ಟಳು.

ಆಗ ವಿರೂಪಾಕ್ಷಪ್ಪ ತೆಂಗಿನಕಾಯಿ ಹಿಡಿದು ಒಳಗೆ ಬಂದ. ಕಾಯಿ ಒಡೆಯದೆ ಅವನು ಯಾವ ಯಂತ್ರದಲ್ಲೂ ಮೊದಲ ಕಾಳು ಹಾಯಿಸಿದವನಲ್ಲ. ಸುತ್ತ ನೋಡಿದ. ಕೋಣೆಯಲ್ಲಿ ಗಟ್ಟಿ ಕಲ್ಲೆಂದರೆ ಯಂತ್ರದ ಕೆಳಗಿನ ಚಪ್ಪಡಿಯೊಂದೇ. ಚಿಪ್ ಅಲುಗದಿರಲೆಂದು ಅಶ್ವಿನಿ ಆ ಚಪ್ಪಡಿಯನ್ನು ಸೈಕಲ್ ಟ್ಯೂಬಿನ ಮೇಲೆ ಕೂರಿಸಿದ್ದಳು.

“ಬ್ಯಾಡ್ರಿ,” ಎಂದು ಪಿಸುಗುಟ್ಟಿದಳು. ಕೂಗಿದರೆ ಗೆರೆ ಅಲುಗುತ್ತಿತ್ತು.

ಅವನು ಒಡೆದ.

ಗೆರೆ ಜಿಗಿದು ಪರದೆಯ ಮೇಲಂಚಿಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಹಮಾಲರು ಚಪ್ಪಾಳೆ ತಟ್ಟಿದರು.

“ದಾಟ್ತೇನವ್ವ?”

“ಪೊರಿ ಹರದೇತ್ರಿ. ಎಲ್ಲಾ ದಾಟ್ಯಾವು.”

“ನೋಡು ಮತ್ತ! ನೀ ಒಂದು ಕೇಳಿದ್ದಿ, ಎಲ್ಲಾ ಹೋದ್ವು!” ವಿರೂಪಾಕ್ಷಪ್ಪ ಎಲ್ಲರಿಗೂ ಕಾಯಿಚೂರು ಹಂಚಿದ. ಅಶ್ವಿನಿಗೆ ದೊಡ್ಡ ಚೂರು ಕೊಟ್ಟ. ಅವಳು ನಿಂತಲ್ಲೇ ತಿಂದಳು. ಹೊರಗೆ ಒಗ್ಗರಣೆ ಚಟಪಟ ಎಂದಿತು, ಮಿಲ್ಲು ಶುರುವಾಯಿತು.

ಮಿಲ್ಲಿಗೆ ಇಪ್ಪತ್ತು ನಿಮಿಷ ಹೋಯಿತು. ಅಶ್ವಿನಿಗೆ ಒಂದು ಚಿಪ್, ಐದು ವರ್ಷ.