ನೋಯ್ತದಾ? ಸಂತೋಷ!

ನೀಲಕಂಠಸ್ವಾಮಿಗಳು ಎದುರಿಗೆ ಸಿಕ್ಕವರಿಗೆ ಕೈಮುಗಿಯುತ್ತಿರಲಿಲ್ಲ, ಮೊಣಕೈ ಹಿಡಿಯುತ್ತಿದ್ದರು. ಹುಣಸೂರಿನ ಬಸ್ ನಿಲ್ದಾಣವಿರಲಿ, ಮದುವೆಯ ಪಂಕ್ತಿಯಿರಲಿ, ‘ಚೆನ್ನಾಗಿದೀರಾ’ ಎನ್ನುತ್ತಲೇ ಅವರ ಬೆರಳು ನಮ್ಮ ಮೊಣಕೈಯ ಒಳಮೂಳೆಯ ಹಿಂದಿನ ಗುಳಿಗೆ ಇಳಿದು, ಅಲ್ಲಿ ಹುರಿಯಂತೆ ಜಾರುವ ನರವನ್ನು ಒಮ್ಮೆ ಉರುಳಿಸಿ ನೋಡಿಬಿಡುತ್ತಿತ್ತು. ಕಿರುಬೆರಳಿನ ತುದಿಯವರೆಗೆ ಕರೆಂಟು ಹೊಡೆದಂತಾಗಿ ನಾವು ಹೌಹಾರಿದರೆ, ‘ನೋಯ್ತದಾ? ಸಂತೋಷ!’ ಎಂದು ಮುಂದೆ ಹೋಗುವರು. ಪರರ ನೋವಿಗೆ ಹೀಗೆ ಹಿಗ್ಗುವ ಮನುಷ್ಯನಿಗೆ ಜನ ‘ಸಂತೋಷದ ಸ್ವಾಮಿ’ ಎಂದು ಹೆಸರಿಟ್ಟಿದ್ದರು.

ಕುಷ್ಠರೋಗದ ತಪಾಸಣೆಗೆಂದು ಹಳ್ಳಿಹಳ್ಳಿ ಸುತ್ತುವ ಸರ್ಕಾರಿ ನೌಕರಿ ಅವರದು. ಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು. ಅದರ ಜೇಬಿನಲ್ಲಿ, ಬರೆಯುವುದಕ್ಕಲ್ಲದೆ ಚರ್ಮ ಮುಟ್ಟಿ ನೋಡುವುದಕ್ಕೆಂದೇ ಇಟ್ಟುಕೊಂಡ, ಶಾಯಿ ಮುಗಿದ ಬಾಲ್‌ಪೆನ್ನು. ಸೈಕಲ್ಲನ್ನು ಹತ್ತದೆ ತಳ್ಳಿಕೊಂಡು, ದಾರಿಯಲ್ಲಿ ಸಿಕ್ಕವರ ಕೈಕಾಲು ನೋಡುತ್ತ ಸಾಗುವ ಮಂದಗಮನ. ಯಾರಾದರೂ ಮಣಿಕಟ್ಟಿನ ನೀಲಿ ಗೆರೆ ತೋರಿಸಿ ‘ನರ’ ಎಂದರೆ ಮಾತ್ರ ಅವರ ಶಾಂತಿ ಕೆಡುತ್ತಿತ್ತು. ‘ಅದು ರಕ್ತನಾಳ ಕಣ್ರೀ! ನರ ಬೆಳ್ಳಗೆ ಒಳಗಿರ್ತದೆ. ಬೆರಳಿನ ಸುದ್ದಿ ಹೊತ್ಕೊಂಡು ಬೆನ್ನುಹುರಿಗೆ ಹೋಗಿ, ಅಲ್ಲಿಂದ ಮಿದುಳು ಮುಟ್ಟಿಸ್ತದೆ. ಕೆಂಡ ತುಳಿದ್ರೆ ಮಿದುಳಿನ ಅಪ್ಪಣೆಗೆ ಕಾಯಲ್ಲ, ಬೆನ್ನುಹುರಿನೇ ಕಾಲು ಎಳಸ್ತದೆ. ಉರಿ ಗೊತ್ತಾಗೋದು ಆಮೇಲೆ!’ ಈ ಪ್ರವಚನ ಮುಗಿಯುವಷ್ಟರಲ್ಲಿ ಅವರಿಗೆ ಕೊಟ್ಟ ಕಾಫಿ ಆರಿ ತಣ್ಣಗಾಗಿರುತ್ತಿತ್ತು.

ತೊಂಬತ್ತಾರನೆಯ ಇಸವಿ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಗೂಡಿನ ಬಿಸಿಯಲ್ಲಿ ಬೇಯಿಸಿ ಒಣಗಿಸುವ ಕಾಲ. ವೀರನಹೊಸಹಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ ಶಿವರುದ್ರಮ್ಮನವರು ಸ್ವಾಮಿಗಳನ್ನು ಊಟಕ್ಕೆ ಕೂರಿಸಿ, ಒಲೆಯ ಮುಂದಿದ್ದ ಸೊಸೆಯನ್ನು ಹೊಗಳಿದರು: ‘ನಮ್ ಸಿದ್ದಲಿಂಗಮ್ಮನ ಕೈ ನೋಡಿ ಸ್ವಾಮ್ಯೋರೆ, ಎಂಥಾ ಬಿಸಿ ಮುದ್ದೆಗೂ ಜಗ್ಗಾಕಿಲ್ಲ!’

ಸಿದ್ದಲಿಂಗಮ್ಮ ತಲೆ ತಗ್ಗಿಸಿದಳು. ತಿಂಗಳಿಂದ ಕಡ್ಡಿಗೆ ಸೊಪ್ಪು ಕಟ್ಟುವಾಗ ದಾರ ಜಾರುತ್ತಿದ್ದುದನ್ನೂ, ಕಿರುಬೆರಳು ತನ್ನ ಮಾತು ಕೇಳದೆ ಮಡಿಸಿಕೊಳ್ಳುತ್ತಿದ್ದುದನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಸ್ವಾಮಿಗಳು ತುತ್ತು ಮುರಿಯದೆ ಅವಳ ಅಂಗೈಯ ಅಂಚನ್ನೇ ನೋಡುತ್ತಿದ್ದರು.

‘ಈ ಬೊಬ್ಬೆ ಯಾವಾಗಿಂದಮ್ಮ?’

‘ಗೊತ್ತಿಲ್ಲ ಕಣ್ರೀ.’

ಕಣ್ಣು ಮುಚ್ಚಿಸಿ ಪೆನ್ನಿನ ತುದಿ ಮುಟ್ಟಿಸಿದರು. ಹೆಬ್ಬೆರಳನ್ನೂ ತೋರುಬೆರಳನ್ನೂ ಮುಟ್ಟಿದಾಗ ಸರಿಯಾಗಿ ತೋರಿಸಿದವಳು, ಕಿರುಬೆರಳನ್ನು ಮೂರು ಸಲ ಮುಟ್ಟಿದರೂ ‘ಇನ್ನೂ ಮುಟ್ಟಿಲ್ವಾ?’ ಎಂದು ಕಾಯುತ್ತ ಕುಳಿತಳು. ಮುಂಗೈ ಮೇಲೊಂದು ಮಾಸಲು ಮಚ್ಚೆ. ಮೊಣಕೈಯಲ್ಲಿ ನರ ಊದಿ ಹಗ್ಗವಾಗಿತ್ತು. ಅಂದು ಸ್ವಾಮಿಗಳ ಬಾಯಿಂದ ಸಂತೋಷದ ಮಾತು ಬರಲಿಲ್ಲ.

‘ದೊಡ್ಡ ರೋಗವಾ?’ ಎಂದರು ಶಿವರುದ್ರಮ್ಮ.

‘ಹೌದಮ್ಮ. ಆದ್ರೆ ಮಾತ್ರೆಗೆ ವಾಸಿಯಾಗೋ ರೋಗ. ತಡ ಮಾಡಿದ್ರೆ ಬೆರಳು ಮಡಿಸ್ಕೊಂಡೇ ಉಳೀತವೆ.’

ಸಿದ್ದಲಿಂಗಮ್ಮನ ಕಣ್ಣು ಮೂಲೆಯಲ್ಲಿದ್ದ ಟ್ರಂಕಿನ ಕಡೆ ಹೋಯಿತು. ತವರಿಗೆ ಕಳಿಸಿಬಿಡುವರೇ? ಅತ್ತೆ ಅದೇ ಕೈ ಕಟ್ಟಿದ ಮುದ್ದೆಯಲ್ಲಿ ಒಂದು ತುತ್ತು ಮುರಿದು ಸಾರಿಗದ್ದಿ ನುಂಗಿ, ‘ಮಾತ್ರೆ ಇಲ್ಲೇ ತಿನ್ಲಿ ಬುಡಿ’ ಎಂದರು.

ರೋಗಕ್ಕೊಂದು, ನರದ ಊತಕ್ಕೊಂದು ಎಂದು ಆಸ್ಪತ್ರೆಯ ಡಾಕ್ಟರು ಕೊಟ್ಟ ಮಾತ್ರೆಗಳು ನಡೆದವು. ತಿಂಗಳು ತಿಂಗಳು ಸ್ವಾಮಿಗಳು ಬಂದರು, ಪೆನ್ನು ಮುಟ್ಟಿಸಿದರು, ನರದ ಪ್ರವಚನ ಹೇಳಿ ‘ಸಂತೋಷ’ ಎನ್ನದೆ ಹೋದರು. ಐದನೆಯ ತಿಂಗಳು ಅವರು ಊಟಕ್ಕೆ ಕೂತಿದ್ದಾಗಲೇ ಸಿದ್ದಲಿಂಗಮ್ಮನ ಕೈ ಪಾತ್ರೆಯ ಅಂಚಿಗೆ ತಾಗಿ ಸರಕ್ಕನೆ ಹಿಂದೆ ಬಂತು. ಮುದ್ದೆ ನೆಲಕ್ಕುರುಳಿತು. ಅವಳು ಕಿರುಬೆರಳು ಹಿಡಿದುಕೊಂಡು ಅಳುತ್ತ ನಕ್ಕಳು.

‘ಕೈ ಮೊದ್ಲು ಬಂತು ಸ್ವಾಮ್ಯೋರೆ, ಉರಿ ಆಮೇಕೆ ಗೊತ್ತಾತು! ನೀವೇಳಿದಂಗೇಯ!’

ಕೋಟಿನ ಅಂಚಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕುಳಿತ ಸ್ವಾಮಿಗಳನ್ನು ಶಿವರುದ್ರಮ್ಮನವರೇ ಗದರಿಸಬೇಕಾಯಿತು: ‘ನೋಯ್ತದಂತೆ ಕಣ್ರೀ! ಸಂತೋಷ ಅನ್ರೀ!’

ನೋವು ನಿವಾರಿಸುವವರಿಗೆ ನಾವು ಹರಕೆ ಹೊರುತ್ತೇವೆ, ಹಾರ ಹಾಕುತ್ತೇವೆ. ಕಳೆದುಹೋದ ನೋವನ್ನು ಹುಡುಕಿ ಅದರ ಯಜಮಾನರಿಗೆ ಮರಳಿಸಲೆಂದು ಸೈಕಲ್ ತಳ್ಳುತ್ತ ತಿರುಗುವ ಜನ ಬೇರೆ. ಅವರಿಗೆ ನಮ್ಮಿಂದ ಸಿಗುವುದು ಅಡ್ಡಹೆಸರು ಮಾತ್ರ. ಅಂಥವರಿಗೆ ಅದರಿಂದ ಬೇಸರವೂ ಇಲ್ಲ. ಯಾರೋ ಒಬ್ಬರು ಒಲೆಯ ಮುಂದೆ ‘ಅಯ್ಯೋ’ ಎಂದರೆ ಅವರಿಗೆ ಅಷ್ಟೇ ಸಾಕು.