ಎಡತೋಳು

ಒಂದು ಚಪ್ಪಲಿ ಕಾಲಲ್ಲೇ ಇದೆ, ಇನ್ನೊಂದನ್ನು ಬಿಚ್ಚಿದ್ದು ಮಗಳೇ ಇರಬೇಕು, ಬಗ್ಗಿ ನನ್ನ ಕಾಲು ಹಿಡಿದಳಲ್ಲ, ಥೂ, ಹೆಬ್ಬೆರಳಿಂದ ತಳ್ಳಿದರೆ ಇದೂ ಬೀಳುತ್ತದೆ, ಅಷ್ಟೇ ಕೆಲಸ, ಅಷ್ಟೂ ಆಗುವುದಿಲ್ಲ — ಹೊಲಿಗೆ ಅಂಗಡಿಯ ಹಿಂದಿನ ಕೋಣೆ, ಬೆಂಚು, ಬಾಯಲ್ಲಿ ತುಕ್ಕಿನ ರುಚಿ, ಅಂಗಿಗೆಲ್ಲ ಡಯಾಲಿಸಿಸ್ ವಾರ್ಡಿನ ನಾತ, ಎಡಗೈ ಮೇಲೆ ಪಟ್ಟಿಯ ಅಂಟು, ಅದರಡಿ ಸೂಜಿಗೆಂದು ಡಾಕ್ಟರು ಜೋಡಿಸಿ ಉಬ್ಬಿಸಿದ ರಕ್ತನಾಳ ಜುಂಯ್ ಎನ್ನುತ್ತಲೇ ಇದೆ, ಚರ್ಮದೊಳಗೆ ನೊಣ ಹೊಕ್ಕಂತೆ, ಹೇಸಿಗೆ. ರಕ್ತ ಎಲ್ಲಾ ಕ್ಲೀನ್ ಆಯ್ತು, ಈಗ ಹಗುರ ಅನ್ನಿಸ್ತಿದ್ಯಾ ಅಂತ ನರ್ಸಮ್ಮ, ಹೂಂ, ಹಗುರವಂತೆ ಹಗುರ, ನೆಲ ಒರೆಸಿ ಹಿಂಡಿ ಎಸೆದ ಬಟ್ಟೆಯ ಹಾಗೆ ಬಿದ್ದಿದ್ದೇನೆ, ವಾರಕ್ಕೆ ಮೂರು ಸಲ. ನಾಲ್ಕು ಗಂಟೆ ಮಲಗೇ ಇದ್ರಲ್ಲ ಭಾವ, ಮತ್ತೆ ಇನ್ನೇನು ಸುಸ್ತು, ಇದು ಹೆಂಡತಿಯ ತಮ್ಮ, ಮೈಯಲ್ಲಿ ಎರಡು ಮೂತ್ರಪಿಂಡ ಇಟ್ಟುಕೊಂಡ ಶ್ರೀಮಂತ, ಅವನಿಗೂ ಹೂಂ, ಯಾರು ಏನೇ ಕೇಳಲಿ ಹೂಂ, ಊಹೂಂ ಅಂದರೆ ಯಾಕೆ ಅಂತ ಹೇಳಬೇಕು, ಹೇಳುವುದಕ್ಕೆ ಉಸಿರು ಬೇಕು.

ಮೊಳೆಯಲ್ಲಿ ಆ ಕೋಟಿನ ತೋಳುಗಳು ನೇತಾಡುತ್ತಿವೆ, ಬೂದು ಉಣ್ಣೆಯವು, ಎರಡೂ ಎಡ, ಮೂವತ್ತು ವರ್ಷ ಕೋಟು ಕತ್ತರಿಸಿದ ಕೈ ಇದು, ಹೋದ ವಾರ ಇದೇ ಸುಸ್ತಿನಲ್ಲಿ ಎದ್ದೆ, ಬಟ್ಟೆ ಮಡಚಲೂ ಆಗದೆ ಒಂಟಿ ಪದರದಲ್ಲೇ ಕತ್ತರಿಸಿದೆ, ಎರಡನೆಯ ತೋಳಿಗೆ ಅಳತೆಯ ಕಾಗದ ಮಗುಚುವುದನ್ನೇ ಮರೆತೆ, ಕೋಟು ಹೊಲಿಯಲು ಕೊಟ್ಟ ಟೀಚರಮ್ಮ ಕೈ ತೂರಿಸಿ ನೋಡಿ, ಏನ್ ಮಾಸ್ಟ್ರೇ, ನನಗೆ ಎರಡೂ ಎಡಗೈನಾ, ನಕ್ಕರಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವರ ತಾಯಿ ಇಟ್ಟುಹೋದ ಬಟ್ಟೆ, ಒಂದೇ ಮೈಗೆ ನುಣುಪು, ಒಳಹೊರಗು ಮಾಡಿ ಹೊಲಿಯಲೂ ಬರುವುದಿಲ್ಲ, ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ, ಉಳಿದಿರುವುದು ಒಂದೇ ತೋಳಿನಷ್ಟು. ನೀನು ಮಲಗಪ್ಪಾ, ನಾನೇ ಕತ್ತರಿಸ್ತೀನಿ ಅಂದಳು ಮಗಳು, ಗುಂಡಿ ಹೊಲಿಯುವುದು ಬಿಟ್ಟು ಏನು ಕಲಿಸಿದ್ದೇನೆ ಅವಳಿಗೆ, ಕತ್ತರಿ ಮುಟ್ಟಲು ಬಿಡಲಿಲ್ಲ, ನನ್ನಂಥ ಕೈ ಇನ್ನೊಂದಿಲ್ಲ ಅನ್ನುವ ಕೊಬ್ಬು, ತಪ್ಪು ಹೇಗಾಯಿತೆಂದೂ ನಾಚಿಕೆಗೆ ಹೇಳಲಿಲ್ಲ, ಈಗ ಬಾಗಿಲಾಚೆ ಮೇಜಿನ ಮೇಲೆ ಬಟ್ಟೆ ಹರವಿದ್ದಾಳೆ, ಕಾಗದ ಇಟ್ಟಿದ್ದಾಳೆ, ಇಲ್ಲಿಂದಲೇ ಕಾಣುತ್ತದೆ, ಎಡತೋಳಿನ ಗುರುತಿಗೆ ಕಾಗದದ ಒಂದು ಮೈಗೆ ನಾನೇ ಎಳೆದಿದ್ದ ಕೆಂಪು ಗೀಟು ಮೇಲಿದೆ, ಮಗುಚಿದರೆ ಬಲತೋಳು, ಮಗುಚು, ಒಂದೇ ಮಾತು, ನಾಲಿಗೆ ಎದ್ದರೆ ತಾನೆ — ಅಪ್ಪಾ, ಸರಿಯಾಗಿ ಇಟ್ಟಿದೀನಲ್ವಾ, ಕತ್ತರಿಸ್ಲಾ — ಹೂಂ. ಯಾರು ಅಂದದ್ದು, ನಾನಾ, ಅಲ್ಲ, ಅದು ಹೂಂ ಅಲ್ಲ, ಅದು ಅಭ್ಯಾಸ, ದರಿದ್ರ ಬಾಯಿ, ತಡಿ ಮಗಳೇ, ಎದ್ದೆ ಅಂದುಕೊಂಡೆ, ಎದ್ದಿಲ್ಲ, ಚಪ್ಪಲಿ ಕಾಲಲ್ಲೇ ಇದೆ, ಕತ್ತರಿ ಕಚ್ಚಿತು, ಕರ್, ಉದ್ದಕ್ಕೂ ಕರ್, ಕೈ ನಡುಗುತ್ತಿಲ್ಲ ಅವಳಿಗೆ, ಎಷ್ಟು ನೇರ ಕತ್ತರಿಸುತ್ತಾಳೆ, ನನಗಿಂತ ನೇರ, ಮೊಳೆಯಲ್ಲಿ ಎಡತೋಳು, ಎಡತೋಳು, ಮೇಜಿನ ಮೇಲೆ ಇನ್ನೊಂದು ಎಡತೋಳು