ನಿಂತ ಕಾಲು

ಬೆವರು ಹುಬ್ಬು ದಾಟಿ ಕಣ್ಣಿಗಿಳಿಯುತ್ತಿದೆ, ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಚೆಂಡು, ಈ ತಗಡಿನ ಮಾಡಿನ ಕೆಳಗೆ ಫ್ಯಾನು ತಿರುಗಿದರೂ ಅಷ್ಟೇ ತಿರುಗದಿದ್ದರೂ ಅಷ್ಟೇ, ಎಸಿ ಜಂಪಾ, ಏನು ನೋಡ್ತಾ ನಿಂತೆ, ಎಂದು ಪ್ರಸೊಂಗ್ ಮೇಷ್ಟ್ರು ಗೋಡೆಯ ಬದಿಯಿಂದ ಕೂಗುತ್ತಾರೆ, ಎಸೆಯುತ್ತೇನೆ, ಚೆಂಡು ಬೆರಳು ಬಿಟ್ಟು ಮೇಲೇರಿ ಮಾಲೈಯ ತಲೆಯ ಎತ್ತರದಲ್ಲಿ ಒಂದು ಗಳಿಗೆ ತೂಗಿದಂತೆ ನಿಲ್ಲುತ್ತದೆ, ಅವಳ ಬಲಗಾಲು ಬೀಸಿ ಬಂದು ಅದನ್ನು ಬಲೆಯ ಆಚೆಗೆ ಅಟ್ಟುತ್ತದೆ, ಟಪ್ಪನೆ, ಆಚೆಯ ಹುಡುಗಿಯರು ಭುಜ ಕುಗ್ಗಿಸುತ್ತಾರೆ — ಹೋದ ಮಳೆಗಾಲದವರೆಗೆ ಆ ಸದ್ದು ನನ್ನ ಕಾಲಿನದು, ಒದೆಯುವವಳ ಆ ವೃತ್ತದೊಳಗೆ ನಿಲ್ಲುತ್ತಿದ್ದವಳು ನಾನು, ಈಗ ಬಲೆಯ ಪಕ್ಕ ನಿಂತು ಎಸೆಯುತ್ತೇನೆ, ತಕ್ರೋ ಆಟದಲ್ಲಿ ಎಲ್ಲವೂ ಕಾಲಿನದೇ, ತಲೆಯದು ಸ್ವಲ್ಪ, ಎದೆಯದು ಸ್ವಲ್ಪ, ಕೈಗಿರುವ ಕೆಲಸ ಇದೊಂದೇ, ಒದೆಯುವವಳಿಗೆ ಮೊದಲ ಚೆಂಡು ಎಸೆದುಕೊಡುವುದು, ಅದನ್ನು ನನಗೆ ಛಬಾ ಮಾಡಿಕೊಡುತ್ತಿದ್ದಳು, ನಾನು ಅವಳ ಕೈಯನ್ನು ಒಂದು ಸಲವೂ ನೋಡಿದವಳಲ್ಲ, ಚೆಂಡು ಬರುತ್ತಿತ್ತು, ನಲ್ಲಿಯಲ್ಲಿ ನೀರು ಬಂದ ಹಾಗೆ, ಛಬಾ ಇವತ್ತು ಅಜ್ಜನ ಅಂತ್ಯಕ್ರಿಯೆಗೆಂದು ತ್ರಾಂಗಿಗೆ ಹೋಗಿದ್ದಾಳೆ, ಮೂಲೆಯ ಬೆಂಚಿನಲ್ಲಿ ರಬ್ಬರ್ ಪಟ್ಟಿಗೆ ಪಾದ ಕೊಟ್ಟು ಎಳೆಯುತ್ತ ಕೂತಿದ್ದ ನನ್ನನ್ನು ಕಂಡು ಮೇಷ್ಟ್ರು, ಬಾರೇ, ನೀನೇ ಎಸಿ, ಎಸೆಯೋಕೇನು ಮಂಡಿ ಬೇಕಾ, ಎಂದರು, ಇಬ್ಬರು ನಕ್ಕರು, ನಾನೂ ನಕ್ಕೆ, ನಗದಿದ್ದರೆ ಎಲ್ಲರೂ ನನ್ನ ಮಂಡಿಯನ್ನೇ ನೋಡುತ್ತಾರೆ. ಅಕ್ಕ, ಚೂರು ಎಡಕ್ಕೆ, ಎಂದಳು ಮಾಲೈ ಮೊದಲ ಚೆಂಡಿಗೆ, ಆಮೇಲೆ, ಚೂರು ಕೆಳಗೆ ಅಕ್ಕ, ನಿಮ್ಮಷ್ಟು ಎತ್ತರ ನಂಗೆ ಆಗಲ್ಲ, ಅದನ್ನವಳು ಸುಮ್ಮನೆ ಹೇಳಿದಳು, ನನಗೆ ಎಲ್ಲೋ ಚುಚ್ಚಿತು, ಆದರೂ ನನ್ನ ಕೈ ಹುಡುಕಿತು, ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ, ಈಗ ಕಣ್ಣು ಮುಚ್ಚಿ ಎಸೆದರೂ ಅವಳ ಪಾದ ಬರುವಲ್ಲಿಗೇ ಚೆಂಡು ಹೋಗುತ್ತದೆ, ಇದೂ ಒಂದು ವಿದ್ಯೆಯೇ, ನನಗೆ ಬೇಡದ ವಿದ್ಯೆ, ಇನ್ನೊಬ್ಬಳ ಕಾಲು ಎಲ್ಲಿಗೆ ಬರುತ್ತದೆಂದು ತಿಳಿದುಕೊಳ್ಳುವುದು.

ಅವಳು ಇನ್ನೊಂದು ಹೊಡೆಯುತ್ತಾಳೆ, ಮೇಲೆ, ಇನ್ನೂ ಮೇಲೆ, ಎನ್ನುತ್ತಾರೆ ಮೇಷ್ಟ್ರು, ಎಲ್ಲರ ಕಣ್ಣೂ ಏರುವ ಪಾದದ ಮೇಲೆ, ಅವತ್ತೂ ಹಾಗೆಯೇ, ಪ್ರಾಂತದ ಪಂದ್ಯದಲ್ಲಿ, ನಮ್ಮ ಶಾಲೆಯ ಮಕ್ಕಳು ಡೋಲು ಬಡಿಯುತ್ತಿದ್ದರು, ಅಮ್ಮ ಪಟ್ಟಲುಂಗ್ ಸಂತೆಯ ಶ್ಯಾವಿಗೆ ವ್ಯಾಪಾರ ಬಿಟ್ಟು ಬಂದು ಮೊದಲ ಸಾಲಿನಲ್ಲಿ ಕೂತಿದ್ದಳು, ಛಬಾ ಎಸೆದಳು, ನಾನು ತಿರುಗಿದೆ, ಒದ್ದ ಕಾಲಿಗೆ ಏನೂ ಆಗಲಿಲ್ಲ, ಎಡಗಾಲು, ನಿಂತ ಕಾಲು, ಅದರ ಮಂಡಿಯೊಳಗೆ ಒದ್ದೆ ಬಟ್ಟೆ ಝಾಡಿಸಿದಂಥ ಸದ್ದು, ಡೋಲಿನ ನಡುವೆಯೂ ನನಗೆ ಕೇಳಿಸಿತು, ನೋವು ತಡವಾಗಿ ಬಂತು, ಮೊದಲು ಬಂದದ್ದು ನಾಚಿಕೆ, ಎಲ್ಲರೆದುರು ಬಿದ್ದೆನಲ್ಲ ಎಂದು. ಆಪರೇಷನ್ ಮಾಡಿದ ಡಾಕ್ಟರು ಒಳ್ಳೆಯವರು, ಸುತ್ತಿಬಳಸದೆ ಹೇಳಿದರು, ನಡೀತೀಯಮ್ಮ, ಮುಂದೆ ಓಡಲೂಬಹುದು, ಆದರೆ ಒಂದೇ ಕಾಲ್ಮೇಲೆ ಗಿರಕಿ ಹೊಡೆಯೋ ಆಟ ಬಿಟ್ಬಿಡು, ಅಮ್ಮ ಮಂಚದ ಪಕ್ಕ ಕೂತು ಚಕೋತದ ತೊಳೆಗಳನ್ನು ಬಿಡಿಸುತ್ತಲೇ ಇದ್ದಳು, ಬಿಳಿ ನಾರನ್ನೆಲ್ಲ ತೆಗೆದು ತೆಗೆದು, ಅವರು ಹೋದ ಮೇಲೆ, ನನ್ನ ಜೊತೆ ಸಂತೆಗೆ ಬಂದ್ಬಿಡು ಮಗಳೇ, ಕೂತು ಮಾಡೋ ಕೆಲಸಾನೇ ಅಲ್ವಾ, ಎಂದಳು, ಸಮಾಧಾನಕ್ಕೆಂದೇ ಹೇಳಿದಳು, ಕೂತು ಎನ್ನುವ ಮಾತು ಕಿವಿಯಲ್ಲಿ ಹಾಗೇ ಕೂತುಬಿಟ್ಟಿತು, ಮನೆಗೆ ಬಂದ ಮೇಲೆ ನಾನು ಬಾಗಿಲು ಹಾಕಿಕೊಂಡೆ, ಅಮ್ಮ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಸಾರು ಆರಿಹೋಗ್ತದೆ, ಎಂದಷ್ಟೇ ಹೇಳಿ ಹೋಗುವಳು, ಅವಳು ಫೋನಿನಲ್ಲಿ ತೆಗೆದ ಆ ದಿನದ ವಿಡಿಯೋವನ್ನು ನಾನು ನೋಡುತ್ತಿದ್ದೆ, ನೋಡಿ ಮುಗಿಸಿ ಮತ್ತೆ ನೋಡುತ್ತಿದ್ದೆ, ಅಮ್ಮನಿಗೆ ಫೋನು ಹಿಡಿಯಲು ಬಾರದು, ನಾನು ಸೊಂಟದಿಂದ ಮೇಲೆ ಇಲ್ಲವೇ ಇಲ್ಲ, ಚೆಂಡೂ ಇಲ್ಲ, ಬರೀ ನೆಲ, ವೃತ್ತದ ಬಿಳಿ ಗೆರೆ, ನನ್ನ ಎಡಪಾದ, ಒಂದು ದಿನ ಕಂಡಿತು, ಮೈಯೆಲ್ಲ ತಿರುಗಿದೆ, ಹಿಮ್ಮಡಿ ತಿರುಗಿಲ್ಲ, ಅಂಟು ಹಾಕಿದ ಹಾಗೆ ನೆಲಕ್ಕೆ ಕೂತಿದೆ, ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ತಿರುಗಿದ್ದರೆ ಆ ಜೋರು ನೆಲಕ್ಕೆ ಹೋಗುತ್ತಿತ್ತು, ಎತ್ತಲಿಲ್ಲ, ಹಾಗಾಗಿ ಮಂಡಿಗೆ ಹೋಯಿತು, ಊರೇ ನನ್ನ ಬಲಗಾಲನ್ನು ಹೊಗಳಿತ್ತು, ಈ ನಿಂತ ಕಾಲನ್ನು ನೋಡಿದವರು ಯಾರೂ ಇಲ್ಲ, ನಾನೂ ನೋಡಿರಲಿಲ್ಲ.

ವರ್ಷ ಮುಗಿಯುವವರೆಗೆ ಹಾಸ್ಟೆಲಿನಲ್ಲಿ ಇರಬಹುದೆಂದು ಶಾಲೆಯವರು ಹೇಳಿದರು, ಬಂದೆ, ಯಾಕೆ ಬಂದೆನೋ, ಮಾಲೈ ಮತ್ತೆ ವೃತ್ತದಲ್ಲಿ ನಿಂತು ಕಾಲು ಕೊಡವಿಕೊಳ್ಳುತ್ತಾಳೆ, ಶನಿವಾರ ಪ್ರಾಂತದ ತಂಡದ ಆಯ್ಕೆ, ಅಕ್ಕ, ಎಸೀರಿ, ಎಸೆಯುತ್ತೇನೆ, ಟಪ್ಪನೆ, ಎಲ್ಲರೂ ಮೇಲೆ ನೋಡುತ್ತಾರೆ, ನಾನು ಕೆಳಗೆ, ಅವಳ ಸೊಂಟ ತಿರುಗಿತು, ಮಂಡಿ ತಿರುಗಿತು, ಹಿಮ್ಮಡಿ ಕೂತೇ ಇತ್ತು. ಒಂದು ಸಲ ಇರಬಹುದು ಎಂದುಕೊಂಡೆ, ಎಸೆದೆ, ಮತ್ತೆ ಕೂತೇ ಇತ್ತು, ಸುಮ್ಮನಿರಬಹುದು, ಸುಮ್ಮನಿದ್ದರೆ ಯಾರೂ ನನ್ನನ್ನು ಕೇಳುವವರಿಲ್ಲ, ಅವಳು ನನ್ನ ಜಾಗದಲ್ಲಿ ನಿಂತಿದ್ದಾಳೆ, ನನ್ನ ಸಂಖ್ಯೆಯ ಅಂಗಿ ಅವಳಿಗೇ ಹೋಗುತ್ತದೆ, ಇದನ್ನೆಲ್ಲ ಯೋಚಿಸಿದೆ, ಯೋಚಿಸಿಲ್ಲ ಎಂದರೆ ಸುಳ್ಳು, ಆಮೇಲೆ ಚೆಂಡನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತುಬಿಟ್ಟೆ, ಮಾಲೈ, ನಿನ್ನ ಹಿಮ್ಮಡಿ ಏಳ್ತಾ ಇಲ್ಲ ನೋಡು, ತಿರುಗೋವಾಗ ಅದನ್ನೂ ತಿರುಗಿಸು, ಎಂದೆ. ಅವಳು ಪಾದ ನೋಡಿಕೊಂಡಳು, ನಾನು ಮೊದಲಿಂದ್ಲೂ ಹಿಂಗೇ ಅಕ್ಕ, ಹಿಂಗಿದ್ರೇನೇ ಜೋರು ಬರೋದು, ಎಂದಳು, ನಂಗೂ ಜೋರು ಬರ್ತಿತ್ತು, ಎಂದೆ, ಬಲೆಯ ಆಚೆಯಿಂದ ಯಾರೋ, ಜಾಗ ಹೋಯ್ತಲ್ಲ, ಹೊಟ್ಟೆಯುರಿ ಪಾಪ, ಎಂದಳು, ಮೆಲ್ಲಗೆ, ಆದರೆ ನನಗೆ ಕೇಳಬೇಕೆಂದೇ, ಮೇಷ್ಟ್ರು ಹತ್ತಿರ ಬಂದರು, ಏನದು ತಕರಾರು, ಎಂದರು, ಅವಳ ಹಿಮ್ಮಡಿ ಸರ್, ಎಂದೆ, ನೋಡು ಜಂಪಾ, ಶನಿವಾರ ಆಯ್ಕೆ ಇಟ್ಕೊಂಡು ಈಗ ಅವಳ ಕಾಲು ಕೆಡಿಸ್ಬೇಡ, ಆಯ್ಕೆ ಆಗ್ಲಿ, ಆಮೇಲೆ ತಿದ್ದೋಣ, ಎಸಿ, ಎಂದರು, ಅವರು ಕೆಟ್ಟವರಲ್ಲ, ಅವತ್ತು ನನ್ನನ್ನು ಅಂಗಳದಿಂದ ಎತ್ತಿಕೊಂಡು ಓಡಿದವರು ಅವರೇ, ಅವರ ಅಂಗಿಯ ತುಂಬ ಬಾಮಿನ ವಾಸನೆಯಿತ್ತು, ಆದರೂ ನನ್ನ ಕೈ ಏಳಲಿಲ್ಲ, ನಾನು ಎಸೆಯಲ್ಲ ಸರ್, ಎಂದೆ, ಎಸೆಯೋಕೆ ಬೇರೆಯವರು ಇಲ್ವಾ ಇಲ್ಲಿ, ಎಂದರು ಮೇಷ್ಟ್ರು, ಇದ್ದರು, ಇಬ್ಬರು ಮುಂದೆಯೂ ಬಂದರು, ಆಗ ಮಾಲೈ ಕೈ ಅಡ್ಡ ಹಿಡಿದಳು, ಬೇಡ, ಜಂಪಕ್ಕಾನೇ ಎಸೀಲಿ, ಅವಳ ಕಣ್ಣು ನನ್ನ ಮಂಡಿಯ ಮೇಲಿತ್ತು, ಚಡ್ಡಿಯ ಕೆಳಗೆ ಕಾಣುವ ಆ ಉದ್ದ ಗಾಯದ ಗೆರೆಯ ಮೇಲೆ, ಇಷ್ಟು ದಿನ ಎಲ್ಲರೂ ಕದ್ದು ನೋಡುತ್ತಿದ್ದರು, ಅವಳು ನೇರವಾಗಿ ನೋಡಿದಳು, ನಾನೂ ಮರೆ ಮಾಡಲಿಲ್ಲ. ಎಸೆದೆ, ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ, ಅವಳಿಗೆ ಬೇಕಾದಲ್ಲಿಗೇ, ಹಿಮ್ಮಡಿ ಎತ್ತಲು ಹೋಗಿ ಅವಳ ಒದೆತ ತಪ್ಪಿತು, ಚೆಂಡು ಬಲೆಗೆ ಬಡಿದು ಬಿತ್ತು, ನನ್ನೊಳಗೆ ಏನೋ ಹಗುರಾಯಿತು, ಅದು ಒಳ್ಳೆಯ ಹಗುರವಲ್ಲ, ಗೊತ್ತು, ಅದನ್ನೂ ನುಂಗಿಕೊಂಡೆ, ನೋಡಿದ್ಯಾ, ಎಂದರು ಮೇಷ್ಟ್ರು, ಮಾಲೈ ಅವರ ಕಡೆ ತಿರುಗಲಿಲ್ಲ, ಇನ್ನೊಂದು ಅಕ್ಕ, ಎಂದಳು, ಮತ್ತೆ ಬಲೆಗೆ, ಇನ್ನೊಂದು, ಇದು ಗೆರೆಯ ಹೊರಗೆ, ಆಚೆಯವರು ನಗುತ್ತಿದ್ದಾರೆ, ಶನಿವಾರ ಅವಳನ್ನು ಆರಿಸದೇ ಇರಬಹುದು, ನನ್ನ ಮಾತಿನಿಂದಲೇ, ಆಗ ಅವಳ ಅಮ್ಮನೂ ಎಲ್ಲೋ ಕೂತು ಹಣ್ಣಿನ ನಾರು ತೆಗೆಯುತ್ತಾಳೆಯೇ, ತೆಗೆಯಲಿ, ಆದರೆ ಅದು ಆಸ್ಪತ್ರೆಯ ಮಂಚದ ಪಕ್ಕವಲ್ಲ, ಇನ್ನೊಂದು ಅಕ್ಕ, ಎಸೆಯುತ್ತೇನೆ, ಅವಳ ಬಲಗಾಲು ಎಲ್ಲಿ ಹೋಯಿತೋ ಚೆಂಡು ಎಲ್ಲಿ ಬಿತ್ತೋ ನನಗೆ ತಿಳಿಯದು, ಬಿಳಿ ಗೆರೆಯೊಳಗೆ ಅವಳ ಎಡಪಾದ ಮುಂಗಾಲ ಮೇಲೆ ತಿರುಗುತ್ತಿದೆ, ಹಿಮ್ಮಡಿ ಎದ್ದಿದೆ, ನೆಲಕ್ಕೂ ಅದಕ್ಕೂ ನಡುವೆ ಒಂದು ಚೂರು ಬೆಳಕು, ಒಂದು ಕಾಗದ ತೂರುವಷ್ಟು, ನನ್ನ ಪಾದದ ಕೆಳಗೆ ಅದು ಇರಲಿಲ್ಲ, ಇನ್ನೊಂದು ಅಕ್ಕ, ಹಿಮ್ಮಡಿ, ಅದರ ಕೆಳಗೆ ಆ ಬೆಳಕು, ಹಿಮ್ಮಡಿ —